ಯೂಸುಫ್‌ಝೈ: ಕುಲದ ಹೆಸರು ಅಡ್ಡಹೆಸರಾದ ಬಗೆ

2013ರ ಸೆಪ್ಟೆಂಬರ್ 3ರಂದು ಬರ್ಮಿಂಗ್‌ಹ್ಯಾಮಿನ ಹೊಸ ನಗರ ಗ್ರಂಥಾಲಯವನ್ನು ಉದ್ಘಾಟಿಸಿದವರು ಹದಿನಾರು ವರ್ಷದ ಮಲಾಲಾ ಯೂಸುಫ್‌ಝೈ. ಹಿಂದಿನ ವರ್ಷ, 2012ರ ಅಕ್ಟೋಬರ್ 9ರಂದು, ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದಾಗ ತಾಲಿಬಾನಿಗಳು ಅವರ ತಲೆಗೆ ಗುಂಡು ಹೊಡೆದಿದ್ದರು. ವಾರದೊಳಗೆ ವಿಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಗೆ ತಂದರು. ಅಲ್ಲಿಯೇ ಚೇತರಿಸಿಕೊಂಡು, ಅದೇ ಊರಿನ ಎಜ್‌ಬಾಸ್ಟನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿ, 2014ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಹೀಗೆ ಒಂದು ಅಫ್ಘಾನ್ ಅಡ್ಡಹೆಸರು ಬ್ರಿಟನ್ನಿನ ಮನೆಮಾತಾಯಿತು.

ಯೂಸುಫ್‌ಝೈ ಎಂಬ ಕುಲಕ್ಕೆ ಐದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಆದರೆ ಮನೆಯ ಎಲ್ಲರ ಹೆಸರಿನ ಕೊನೆಗೆ ಅಂಟಿಕೊಂಡು, ತಂದೆಯಿಂದ ಮಕ್ಕಳಿಗೆ ಇಳಿದುಬರುವ ಅಡ್ಡಹೆಸರಾಗಿ ಅದು ತೀರ ಈಚಿನದು. ಈ ಎರಡರ ನಡುವಿನ ದಾರಿಯನ್ನು ನೋಡುವುದೇ ಈ ಅಧ್ಯಾಯದ ಉದ್ದೇಶ.

ಯೂಸುಫನ ಮಕ್ಕಳು

ಪಶ್ತೋ ಭಾಷೆಯಲ್ಲಿ ಹೆಸರಿನ ಕೊನೆಗೆ ಬರುವ 'ಝೈ' ಎಂದರೆ ಇಂಥವನ ಮಕ್ಕಳು, ವಂಶದವರು ಎಂದರ್ಥ. ಅಹ್ಮದ್‌ಝೈ, ಸ್ತಾನಿಕ್‌ಝೈ, ನೂರ್‌ಝೈ ಎಲ್ಲವೂ ಇದೇ ಅಚ್ಚಿನವು. 'ಖೇಲ್' ಎಂಬುದು ಸಾಮಾನ್ಯವಾಗಿ ಕುಲದೊಳಗಿನ ಕವಲನ್ನು ಸೂಚಿಸುತ್ತದೆ. ಯೂಸುಫ್‌ಝೈ ಜನ ತಮ್ಮನ್ನು ಯೂಸುಫ್ ಎಂಬ ಮೂಲಪುರುಷನ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಅಫ್ಘಾನರ ಇಂಥ ವಂಶಾವಳಿಗಳನ್ನು ಒಟ್ಟುಮಾಡಿದ ಪ್ರಸಿದ್ಧ ಪರ್ಷಿಯನ್ ಗ್ರಂಥ 'ಮಖ್ಜನ್-ಇ-ಅಫ್ಘಾನಿ' ಸಿದ್ಧವಾದದ್ದು ಜಹಾಂಗೀರನ ಕಾಲದಲ್ಲಿ, ದಖ್ಖನಿನ ಅಂಚಿನ ಬುರಹಾನ್‌ಪುರದಲ್ಲಿ.

ಈ ಕುಲದವರು ಮೊದಲು ಕಂದಹಾರದ ಕಡೆ ಇದ್ದು ಆಮೇಲೆ ಕಾಬೂಲಿನ ಸುತ್ತ ನೆಲೆಸಿದರು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಕಾಬೂಲನ್ನು ಆಳುತ್ತಿದ್ದ ತೈಮೂರ್ ವಂಶದ ಉಲುಗ್ ಬೇಗ್ ಇವರ ಮುಖಂಡರನ್ನು ಔತಣಕ್ಕೆ ಕರೆಸಿ ಕೊಲ್ಲಿಸಿದನೆಂದು ಕುಲದ ಇತಿಹಾಸ ಹೇಳುತ್ತದೆ. ಉಳಿದವರು ಮಲಿಕ್ ಅಹ್ಮದನ ನೇತೃತ್ವದಲ್ಲಿ ಪೂರ್ವಕ್ಕೆ ಬಂದು ಪೇಶಾವರದ ಬಯಲನ್ನೂ ಸ್ವಾತ್ ಕಣಿವೆಯನ್ನೂ ಹಿಡಿದರು. 1519ರಲ್ಲಿ ಬಾಬರನು ಇವರ ಮುಖಂಡ ಶಾ ಮನ್ಸೂರನ ಮಗಳು ಬೀಬಿ ಮುಬಾರಿಕಾಳನ್ನು ಮದುವೆಯಾಗಿ ರಾಜಿ ಮಾಡಿಕೊಂಡ. ಅವನ ಮೊಮ್ಮಗ ಅಕ್ಬರನಿಗೆ ಆ ರಾಜಿ ಒದಗಲಿಲ್ಲ. 1586ರಲ್ಲಿ ಇವರ ಮೇಲೆ ಕಳಿಸಿದ ಮೊಗಲ್ ದಂಡು ಬೆಟ್ಟದ ಕಣಿವೆಯಲ್ಲಿ ಸಿಕ್ಕಿಬಿದ್ದು ಸಾವಿರಾರು ಜನ ಸತ್ತರು. ಸತ್ತವರಲ್ಲಿ ಒಬ್ಬ ನಮ್ಮ ಮಕ್ಕಳ ಕಥೆಗಳ ಬೀರಬಲ್. ಜಾಣತನದ ಕಥೆಗಳಲ್ಲಿ ಎಂದೂ ಸೋಲದ ಆ ಮಂತ್ರಿಯ ಕೊನೆ ಆದದ್ದು ಯೂಸುಫ್‌ಝೈಗಳ ಕೈಯಲ್ಲಿ.

ಹೆಸರೇ ಪಹಣಿ

ಕುಲದ ಹೆಸರಿಗೆ ಇಷ್ಟು ತೂಕ ಬಂದದ್ದೇಕೆ ಎಂಬುದಕ್ಕೆ ಉತ್ತರ ಜಮೀನಿನಲ್ಲಿದೆ. ಗೆದ್ದ ನೆಲವನ್ನು ಕವಲು ಕವಲಿಗೆ ಹಂಚಿ ದಫ್ತರ ಬರೆಸಿದವನು ಶೇಖ್ ಮಲಿ ಎಂದು ಪ್ರತೀತಿ. ಈ ಹಂಚಿಕೆಗೆ 'ವೇಶ್' ಎನ್ನುತ್ತಾರೆ. ಒಮ್ಮೆ ಹಂಚಿದರೆ ಮುಗಿಯಿತು ಎನ್ನುವಂತಿರಲಿಲ್ಲ. ಒಬ್ಬರಿಗೆ ಎರೆಮಣ್ಣು, ಇನ್ನೊಬ್ಬರಿಗೆ ಕಲ್ಲುನೆಲ ಖಾಯಂ ಆಗಬಾರದೆಂದು ಕೆಲವು ವರ್ಷಕ್ಕೊಮ್ಮೆ ಚೀಟಿ ಎತ್ತಿ ಇಡೀ ಕವಲುಗಳೇ ಜಮೀನು ಬದಲಾಯಿಸಿಕೊಳ್ಳುತ್ತಿದ್ದವು. ಕೆಲವು ಕಡೆ ಹಳ್ಳಿಗೆ ಹಳ್ಳಿಯೇ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಹಳ್ಳಿಗೆ ಹೋಗುತ್ತಿತ್ತು. ಸ್ವಾತ್‌ನಲ್ಲಿ ಈ ಪದ್ಧತಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ನಡೆದುಬಂತು.

ಇಂಥ ಕಡೆ ವಂಶಾವಳಿ ಎಂದರೆ ಪಹಣಿ ಇದ್ದಹಾಗೆ. ಅಜ್ಜ, ಮುತ್ತಜ್ಜ ಯಾವ ಕವಲಿನವರು ಎಂದು ಹೇಳಬಲ್ಲವನಿಗೆ ಪಾಲು, ಹೇಳಲಾಗದವನು ಒಕ್ಕಲು. ಆದರೂ ಅಲ್ಲಿ ಪ್ರತಿಯೊಬ್ಬನೂ ತನ್ನ ಹೆಸರಿಗೆ 'ಯೂಸುಫ್‌ಝೈ' ಎಂದು ಸೇರಿಸಿಕೊಳ್ಳುವ ಅಗತ್ಯವಿರಲಿಲ್ಲ. ಊರಿನವರೆಲ್ಲ ಯೂಸುಫ್‌ಝೈಗಳೇ ಆಗಿದ್ದಾಗ ಆ ಹೆಸರಿನಿಂದ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಗುರುತಿಸಲಾಗದು. ಹೆಣ್ಣುಮಕ್ಕಳಿಗೆ ನೆಲದಲ್ಲಿ ಪಾಲಿಲ್ಲ, ಹೀಗಾಗಿ ವಂಶವೃಕ್ಷದಲ್ಲಿಯೂ ಜಾಗವಿಲ್ಲ. ಮಲಾಲಾ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಅವರು ಹುಟ್ಟಿದಾಗ ಸೋದರಸಂಬಂಧಿಯೊಬ್ಬರು ಮನೆತನದ ವಂಶವೃಕ್ಷವನ್ನು ತಂದು ತೋರಿಸಿದರು. ಅದರ ತುಂಬ ಗಂಡಸರ ಹೆಸರುಗಳೇ. ತಂದೆ ಜಿಯಾವುದ್ದೀನ್ ಪೆನ್ನು ತೆಗೆದುಕೊಂಡು ತಮ್ಮ ಹೆಸರಿನಿಂದ ಕೆಳಗೆ ಒಂದು ಗೆರೆ ಎಳೆದು, ತುದಿಯಲ್ಲಿ 'ಮಲಾಲಾ' ಎಂದು ಬರೆದರು.

ಬ್ರಿಟಿಷರ ಕಾಗದದಲ್ಲಿ

ಬ್ರಿಟಿಷರು 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡಾಗ ಪೇಶಾವರದ ಬಯಲೂ ಅವರ ಆಡಳಿತಕ್ಕೆ ಬಂತು. ಮರ್ದಾನಿನಲ್ಲಿ 'ಗೈಡ್ಸ್' ಎಂಬ ಪಡೆ ನೆಲೆನಿಂತಿತು. ಅದರ ವೈದ್ಯಾಧಿಕಾರಿಯಾಗಿದ್ದ ಹೆನ್ರಿ ಬೆಲ್ಯೂ 1864ರಲ್ಲಿ ಯೂಸುಫ್‌ಝೈಗಳ ಬಗ್ಗೆ ಒಂದು ಸಮಗ್ರ ವರದಿಯನ್ನೇ ಅಚ್ಚು ಹಾಕಿಸಿದ. ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಜಾತಿ, ಕುಲ, ಕವಲುಗಳನ್ನು ಕೇಳಿ ಬರೆದುಕೊಳ್ಳುವುದು ಪದ್ಧತಿಯಾಯಿತು. ಬ್ರಿಟಿಷ್ ಭಾರತಕ್ಕೂ ಅಫ್ಘಾನಿಸ್ತಾನಕ್ಕೂ ನಡುವೆ ಎಳೆದ 1893ರ ಡ್ಯುರಾಂಡ್ ಗೆರೆ ಪಶ್ತೂನರನ್ನು, ಎಂದರೆ ಪಠಾಣರನ್ನು, ಎರಡು ಆಡಳಿತಗಳ ನಡುವೆ ಹಂಚಿತು. ಯೂಸುಫ್‌ಝೈಗಳ ಮುಖ್ಯ ನೆಲೆಗಳಾದ ಸ್ವಾತ್, ಬುನೇರ್, ಸ್ವಾಬಿ, ಮರ್ದಾನ್, ಶಾಂಗ್ಲಾಗಳು ಗೆರೆಯ ಈಚೆಗೆ ಉಳಿದವು. ಮೂಲದಲ್ಲಿ ಅಫ್ಘಾನ್ ಆದ ಹೆಸರು ಇವತ್ತು ಬಹುಮಟ್ಟಿಗೆ ಪಾಕಿಸ್ತಾನಿ ಪಾಸ್‌ಪೋರ್ಟಿನಲ್ಲಿ ಕಾಣುವುದು ಇದರಿಂದಲೇ.

ಮಲಾಲಾ ಎಂಬ ಹೆಸರಿನ ಹಿಂದೆಯೂ ಬ್ರಿಟಿಷರ ಕಥೆಯಿದೆ. 1880ರ ಜುಲೈ 27ರಂದು ಕಂದಹಾರದ ಬಳಿಯ ಮೈವಂದದಲ್ಲಿ ಬ್ರಿಟಿಷ್ ಸೈನ್ಯ ಸೋತಿತು. ಆ ಕಾಳಗದಲ್ಲಿ ಹಿಂಜರಿದ ಅಫ್ಘಾನರನ್ನು ಹುರಿದುಂಬಿಸಿದವಳೆಂದು ಜನ ಕೊಂಡಾಡುವ ಮಲಾಲೈಯ ಹೆಸರನ್ನೇ ತಂದೆ ಮಗಳಿಗೆ ಇಟ್ಟದ್ದು.

ಎಲ್ಲವನ್ನೂ ಮುಚ್ಚಿದ 'ಖಾನ್'

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿಗೆ ಆಳು ಬೇಕಾಗಿತ್ತು. 1948ರ ಪೌರತ್ವ ಕಾಯ್ದೆ ಕಾಮನ್‌ವೆಲ್ತ್ ದೇಶಗಳವರಿಗೆ ಬಾಗಿಲು ತೆರೆದಿತ್ತು. ಬರ್ಮಿಂಗ್‌ಹ್ಯಾಮಿನ ಎರಕದ ಕಾರ್ಖಾನೆಗಳು, ಬ್ರಾಡ್‌ಫರ್ಡ್ ಮತ್ತು ಲೀಡ್ಸ್ ಕಡೆಯ ಉಣ್ಣೆ ಗಿರಣಿಗಳು, ಮ್ಯಾಂಚೆಸ್ಟರ್ ಸುತ್ತಲಿನ ಓಲ್ಡಮ್, ರಾಚ್‌ಡೇಲ್, ಬೋಲ್ಟನ್‌ಗಳ ಹತ್ತಿ ಗಿರಣಿಗಳು ರಾತ್ರಿಪಾಳಿಗೆ ಪಾಕಿಸ್ತಾನದ ಗಂಡಾಳುಗಳನ್ನು ತೆಗೆದುಕೊಂಡವು. ಬಂದವರಲ್ಲಿ ಹೆಚ್ಚಿನವರು ಮೀರ್‌ಪುರದವರು. ಅರುವತ್ತರ ದಶಕದಲ್ಲಿ ಮಂಗ್ಲಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬಹಳಷ್ಟು ಕುಟುಂಬಗಳೂ ಅವರಲ್ಲಿದ್ದವು. ಸಿಂಧೂ ದಂಡೆಯ ಛಛ್ ಪ್ರದೇಶದಿಂದ ಪಠಾಣರೂ ಬಂದರು. ಹಡಗುಗಳ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿಹಾಕುವ ಕೆಲಸಕ್ಕೆ ಸೇರಿ ಬ್ರಿಟನ್ನಿನ ದಾರಿ ಕಂಡುಕೊಂಡವರು ಅವರಲ್ಲಿ ಹಿಂದೆಯೇ ಇದ್ದರು.

ಕಾರ್ಖಾನೆಯ ಫಾರಂ ತುಂಬುವಾಗ ಬಹುತೇಕ ಪಠಾಣರು ಕುಲದ ಹೆಸರು ಬರೆಸಲಿಲ್ಲ, ಹೆಸರಿನ ಜೊತೆಗೆ ಬಂದ 'ಖಾನ್' ಬರೆಸಿದರು. ಖಾನ್ ಕುಲದ ಹೆಸರಲ್ಲ. ಮಧ್ಯ ಏಷ್ಯಾದ ತುರ್ಕಿ, ಮಂಗೋಲ್ ಒಡೆಯರ ಬಿರುದು, ಆಮೇಲೆ ಗೌರವಸೂಚಕವಾಗಿ ಯಾರು ಬೇಕಾದರೂ ಇಟ್ಟುಕೊಂಡದ್ದು. ಹೀಗಾಗಿ ಬ್ರಿಟನ್ನಿನ ಖಾನ್‌ಗಳೆಲ್ಲ ಪಠಾಣರಲ್ಲ, ಪಠಾಣರ ಕುಲ ಖಾನ್ ಎಂಬುದರಿಂದ ತಿಳಿಯುವುದೂ ಇಲ್ಲ. ಅಥೆನ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಬೋಲ್ಟನ್ನಿನ ಬಾಕ್ಸರ್ ಆಮಿರ್ ಖಾನ್ ಅವರ ಕುಟುಂಬ ರಾವಲ್ಪಿಂಡಿ ಕಡೆಯ ಪಂಜಾಬಿ ರಜಪೂತರದು. ವೂಸ್ಟರಿನ ಶಾಲೆಯಲ್ಲಿ ಓದಿ ಆ ಕೌಂಟಿಗೆ ಕ್ರಿಕೆಟ್ ಆಡಿದ ಇಮ್ರಾನ್ ಖಾನ್ ನಿಯಾಜಿ ಕುಲದ ಪಶ್ತೂನರು, ಆದರೆ ಸ್ಕೋರ್‌ಬೋರ್ಡಿನ ಮೇಲೆ 'ನಿಯಾಜಿ' ಎಂದೂ ಬರಲಿಲ್ಲ.

ನಮ್ಮಲ್ಲಿಯೂ ಹೀಗೇ ಆಗಿದೆ. ಹಾವೇರಿ ಜಿಲ್ಲೆಯ ಸವಣೂರನ್ನು ಆಳಿದ ನವಾಬರು ಮಿಯಾನಾ ಕುಲದ ಅಫ್ಘಾನರು. ಬಿಜಾಪುರದ ಆದಿಲ್‌ಶಾಹಿಯ ಕೊನೆಗಾಲದಲ್ಲಿ ಅಧಿಕಾರ ನಡೆಸಿದ ಬಹಲೋಲ್ ಖಾನನದೂ ಅದೇ ಕುಲ. ಇತಿಹಾಸದ ಪುಸ್ತಕ ತಿರುವಿದರೆ ಕಣ್ಣಿಗೆ ಬೀಳುವುದು ಅಬ್ದುಲ್ ಕರೀಂ ಖಾನ್, ಅಬ್ದುಲ್ ಹಕೀಂ ಖಾನ್ ಎಂಬ ಹೆಸರುಗಳು. ಮಿಯಾನಾ ಎಂಬುದನ್ನು ಹುಡುಕಿ ತಿಳಿಯಬೇಕು.

ಓಲ್ಡ್ ಟ್ರಾಫರ್ಡಿನ ಹನ್ನೊಂದು ಹೆಸರುಗಳು

ಅಫ್ಘಾನ್ ಹೆಸರಿಡುವ ಪದ್ಧತಿಯನ್ನು ಒಂದೇ ಕಡೆ ನೋಡಬೇಕೆಂದರೆ 2019ರ ಜೂನ್ 18ರ ವಿಶ್ವಕಪ್ ಪಂದ್ಯದ ಸ್ಕೋರ್‌ಕಾರ್ಡ್ ತೆಗೆಯಬಹುದು. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ ಇಂಗ್ಲೆಂಡಿನ ಇಯಾನ್ ಮಾರ್ಗನ್ ಹದಿನೇಳು ಸಿಕ್ಸರ್ ಬಾರಿಸಿದ ಪಂದ್ಯವದು. ಅಫ್ಘಾನ್ ತಂಡದಲ್ಲಿ ನೂರ್ ಅಲಿ, ನಜೀಬುಲ್ಲಾ, ದೌಲತ್ ಎಂಬ ಮೂವರು ಝದ್ರಾನ್‌ಗಳಿದ್ದರು. ಮೂವರು ಒಡಹುಟ್ಟಿದವರಲ್ಲ, ಝದ್ರಾನ್ ಎಂಬುದು ಆಗ್ನೇಯ ಅಫ್ಘಾನಿಸ್ತಾನದ ಒಂದು ಕುಲ. ಇಕ್ರಾಮ್ ಅಲಿಖಿಲ್ ಹೆಸರಿನಲ್ಲಿ ಕವಲು, ರಶೀದ್ ಖಾನ್ ಹೆಸರಿನಲ್ಲಿ ಬಿರುದು. ಸ್ಕೋರ್‌ಕಾರ್ಡಿನ ಮೊಹಮ್ಮದ್ ನಬಿ ಎಂಬುದರಲ್ಲಿ ಅಡ್ಡಹೆಸರೇ ಇಲ್ಲ, ಎರಡೂ ಸೇರಿ ಒಂದು ಹೆಸರು. ಇನ್ನು ಅಸ್ಗರ್ ಸ್ತಾನಿಕ್‌ಝೈ 2018ರಲ್ಲಿ ಕುಲದ ಹೆಸರು ಬಿಟ್ಟು 'ಅಸ್ಗರ್ ಅಫ್ಘಾನ್' ಆದರು. ಆ ವರ್ಷದ ಜೂನಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಫ್ಘಾನಿಸ್ತಾನ ಆಡಿದ ಮೊತ್ತಮೊದಲ ಟೆಸ್ಟಿನ ನಾಯಕ ಇವರೇ.

ಅಫ್ಘಾನಿಸ್ತಾನದ ಗುರುತಿನ ಕಾಗದವಾದ 'ತಜ್ಕಿರಾ'ದಲ್ಲಿ ಸಾಂಪ್ರದಾಯಿಕವಾಗಿ ಬರೆಯುವುದು ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು. ಬ್ರಿಟನ್ನಿನ ಫಾರಂ ಕೇಳುವುದೇ ಬೇರೆ. ಅಲ್ಲಿ ಅಡ್ಡಹೆಸರಿನ ಚೌಕವನ್ನು ಖಾಲಿ ಬಿಡುವಂತಿಲ್ಲ. ಅಣ್ಣ ಕುಲದ ಹೆಸರು ಬರೆಸುತ್ತಾನೆ, ತಮ್ಮ ತಂದೆಯ ಹೆಸರು ಬರೆಸುತ್ತಾನೆ, ಹೆಂಡತಿಯ ಕಾಗದದಲ್ಲಿ 'ಬೀಬಿ' ಎಂದಿರುತ್ತದೆ. ಶಾಲೆಯ ಕಚೇರಿಯವರಿಗೆ ಇವರೆಲ್ಲ ಒಂದೇ ಮನೆಯವರೆಂದು ತಿಳಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಪ್ಪನ ಹೆಸರನ್ನೋ ಊರ ಹೆಸರನ್ನೋ ಇನಿಷಿಯಲ್ಲಿನಲ್ಲಿ ಇಟ್ಟುಕೊಂಡು ಹೋದ ಹಳೆ ಮೈಸೂರಿನ ವೈದ್ಯರು, ಎಂಜಿನಿಯರುಗಳಿಗೂ ಈ ಚೌಕದ ಕಷ್ಟ ಗೊತ್ತು. ಸವಣೂರ, ಹಾವನೂರ, ಬಾದಾಮಿ ಎಂದು ಊರನ್ನೇ ಅಡ್ಡಹೆಸರು ಮಾಡಿಕೊಂಡ ಉತ್ತರ ಕರ್ನಾಟಕದವರು ಮಾತ್ರ ಪಾರು.

ಅಡ್ಡಹೆಸರುಗಳ ಹರವನ್ನು ಓದುವುದು ಹೇಗೆ?

ಇಂಗ್ಲಿಷರ ಹಳೆಯ ಅಡ್ಡಹೆಸರುಗಳಲ್ಲಿ ಹಲವು ನೆಲ ಬಿಟ್ಟು ದೂರ ಹೋಗಿಲ್ಲ. ಸಟ್‌ಕ್ಲಿಫ್ ಎಂಬ ಹೆಸರು ಇಂದಿಗೂ ಪಶ್ಚಿಮ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಸುತ್ತ ದಟ್ಟವಾಗಿದೆ, ಹೆಸರು ಹುಟ್ಟಿದ್ದೂ ಅಲ್ಲಿಯೇ. ಇಂಥ ಹೆಸರುಗಳನ್ನು ಅಧ್ಯಯನ ಮಾಡುವವರು 1881ರ ಜನಗಣತಿಯನ್ನು ಇಂದಿನ ಪಟ್ಟಿಗಳ ಜೊತೆ ಹೋಲಿಸುತ್ತಾರೆ. 2016ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಅಡ್ಡಹೆಸರುಗಳ ಕೋಶ 45 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ವಿವರಿಸುತ್ತದೆ. ವಲಸೆ ಬಂದವರ ಖಾನ್, ಪಟೇಲ್ ಮೊದಲಾದವೂ ಅದರಲ್ಲಿವೆ.

ಯೂಸುಫ್‌ಝೈ ವಿಷಯದಲ್ಲಿ ಆ ಹೋಲಿಕೆ ಒಂದು ಮಟ್ಟಿಗೆ ಮಾತ್ರ ನಡೆಯುತ್ತದೆ. ಹೆಸರು ಒಂದು ಊರಿನಲ್ಲಿ ದಟ್ಟವಾಗಿದ್ದರೆ ಅದರಿಂದ ತಿಳಿಯುವುದು ಹುಟ್ಟಿದ ನೆಲವಲ್ಲ, ಬಂದಿಳಿದ ದಾರಿ. ಆ ದಾರಿಗಳು ಎರಡು. ಮೊದಲನೆಯದು ಪಾಕಿಸ್ತಾನದ್ದು. 2021ರ ಜನಗಣತಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪಾಕಿಸ್ತಾನಿ ಮೂಲದವರು ಸುಮಾರು 1,95,000, ಅಂದರೆ ಊರಿನ ಶೇ. 17. ಬ್ರಾಡ್‌ಫರ್ಡಿನಲ್ಲಿ ನಾಲ್ವರಲ್ಲಿ ಒಬ್ಬರು. ಎರಡನೆಯದು ಅಫ್ಘಾನ್ ನಿರಾಶ್ರಿತರ ದಾರಿ. ಅವರು ಮೊದಲು ನೆಲೆಸಿದ್ದು ಹೆಚ್ಚಾಗಿ ಲಂಡನ್ನಿನಲ್ಲಿ. 1999ರ ವಲಸೆ ಮತ್ತು ಆಶ್ರಯ ಕಾಯ್ದೆಯ ನಂತರ ಆಶ್ರಯ ಕೋರಿದವರನ್ನು ಸರ್ಕಾರವೇ ಲಂಡನ್ನಿನಿಂದಾಚೆಗೆ ಹಂಚಲು ತೊಡಗಿತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳಲ್ಲಿ ಅಹ್ಮದ್‌ಝೈ, ಸ್ತಾನಿಕ್‌ಝೈ, ಝದ್ರಾನ್‌ಗಳು ಕಾಣತೊಡಗಿದ್ದಕ್ಕೆ ಇದೂ ಒಂದು ಕಾರಣ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿಗಳ ವಶವಾದಾಗ ಬ್ರಿಟನ್ ಸುಮಾರು 15 ಸಾವಿರ ಜನರನ್ನು ವಿಮಾನದಲ್ಲಿ ಸಾಗಿಸಿತು.

ಲೆಕ್ಕ ತಪ್ಪಿಸುವ ಇನ್ನೊಂದು ಸಂಗತಿ ಕಾಗುಣಿತ. ಬೆಲ್ಯೂ ಇಂಗ್ಲಿಷಿನಲ್ಲಿ ವೈ, ಯು, ಎಸ್, ಯು, ಎಫ್ ಎಂದು ಶುರುಮಾಡಿದ. ಮಲಾಲಾ ವೈ ಆದಮೇಲೆ ಒಂದು ಓ ಸೇರಿಸಿ, ಎರಡನೆಯ ಯು ಇರುವ ಕಡೆ ಎ ಬರೆಯುತ್ತಾರೆ. ಕಂಪ್ಯೂಟರಿಗೆ ಇವು ಎರಡು ಬೇರೆ ಬೇರೆ ಹೆಸರುಗಳು. ಖಾನ್ ಎಂದು ಬರೆಸಿದ ಯೂಸುಫ್‌ಝೈಗಳಂತೂ ಈ ಪಟ್ಟಿಗೆ ಬರುವುದೇ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಕಾಣುವ ಸಂಖ್ಯೆ ಕುಲದ ಸಂಖ್ಯೆಯಲ್ಲ, ಆ ಹೆಸರನ್ನು ಬರೆಸಲು ನಿರ್ಧರಿಸಿದವರ ಸಂಖ್ಯೆ.

ಹಾಗಾದರೆ ಈ ಅಡ್ಡಹೆಸರಿನ ಮೂಲ ಎಲ್ಲಿ? ಕುಲದ ಮೂಲ ಕೇಳಿದರೆ ಕಂದಹಾರ, ಕಾಬೂಲ್, ಸ್ವಾತ್ ಎನ್ನಬೇಕು. ಅಡ್ಡಹೆಸರಿನ ಮೂಲ ಕೇಳಿದರೆ ಪಾಸ್‌ಪೋರ್ಟ್ ಕಚೇರಿ, ಶಾಲೆಯ ದಾಖಲೆ, ಮತದಾರರ ಪಟ್ಟಿ ಎನ್ನಬೇಕು. ಇಂಗ್ಲೆಂಡಿನಲ್ಲಿ 1837ರಿಂದ ನಡೆದುಬಂದಿರುವ ಜನನ ನೋಂದಣಿ ಈ ಕೆಲಸವನ್ನು ಪೂರ್ತಿ ಮಾಡುತ್ತಿದೆ. ಶೇಖ್ ಮಲಿಯ ದಫ್ತರದಲ್ಲಿ ಪಾಲು ಇದ್ದದ್ದು ಗಂಡಸರಿಗೆ ಮಾತ್ರ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನ ಮುಂದೆ ಯೂಸುಫ್‌ಝೈ ಎಂದು ಬರೆಸಲು ಯಾರೂ ಪೆನ್ನು ಹಿಡಿದು ಹೊಸ ಗೆರೆ ಎಳೆಯಬೇಕಿಲ್ಲ.