ಎಲೆ ಊದುವ ಯಂತ್ರಕ್ಕೆ ಊರೂರಲ್ಲಿ ಕಡಿವಾಣ

ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಕಾರ್ಮೆಲ್-ಬೈ-ದಿ-ಸೀ ಎಂಬ ಪುಟ್ಟ ಊರಿದೆ. ಕಲಾವಿದರು, ಲೇಖಕರು ಹುಡುಕಿಕೊಂಡು ಬಂದು ನೆಲೆಸಿದ ಜಾಗ. 1975ರಲ್ಲೇ ಈ ಊರು ಲೀಫ್ ಬ್ಲೋವರ್, ಅಂದರೆ ಉದುರಿದ ಎಲೆಗಳನ್ನು ಗಾಳಿ ಊದಿ ಗುಡಿಸುವ ಯಂತ್ರದ ಬಳಕೆಯನ್ನು ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಸಿರಿವಂತರ ಬೆವರ್ಲಿ ಹಿಲ್ಸ್ ಅದೇ ಹಾದಿ ಹಿಡಿಯಿತು.

ಆಗಿನ್ನೂ ಯಂತ್ರ ಹೊಸದು. ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇದೆಯಲ್ಲ, ಅದೇ ಸಂತತಿಯದು, ಜಪಾನಿನಿಂದ ಬಂದದ್ದು. ಅಮೆರಿಕದಲ್ಲಿ ಅದು ಬೇರೂರಿದ್ದು ಬರದಿಂದ. 1976–77ರಲ್ಲಿ ಕ್ಯಾಲಿಫೋರ್ನಿಯಾ ನೀರಿಲ್ಲದೆ ಒಣಗಿದಾಗ ಪೈಪ್ ಹಿಡಿದು ಅಂಗಳ ತೊಳೆಯುವುದಕ್ಕೆ ಹಲವೆಡೆ ತಡೆ ಬಿತ್ತು. ಹನಿ ನೀರೂ ಬೇಡದ ಈ ಯಂತ್ರ ತೋಟದ ಕೆಲಸಗಾರರ ಬೆನ್ನೇರಿತು. 1990ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಬ್ಲೋವರ್‌ಗಳು ಮಾರಾಟವಾಗುತ್ತಿದ್ದವು.

ತಂಟೆ ಇರುವುದು ಅದರ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ. ನೀಲಿ ಹೊಗೆ ಬಿಡುತ್ತಿದ್ದ ಹಳೇ ಆಟೊರಿಕ್ಷಾಗಳನ್ನು ಕಂಡ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು; ಸುಟ್ಟ ಹೊಗೆ ಹೊರಹೋಗುವಾಗ ಸುಡದ ಪೆಟ್ರೋಲೂ ಅದರ ಜೊತೆ ಜಾರಿಹೋಗುತ್ತದೆ. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಲೆಕ್ಕ ಬೆಚ್ಚಿಬೀಳಿಸುವಂಥದ್ದು. ವೃತ್ತಿಪರರು ಬಳಸುವ ಬ್ಲೋವರ್ ಒಂದು ಗಂಟೆ ಓಡಿದರೆ, 2017ರ ಟೊಯೋಟಾ ಕ್ಯಾಮ್ರಿ ಕಾರು ಸುಮಾರು 1,770 ಕಿ.ಮೀ. ಓಡಿದಷ್ಟು ಹೊಗೆಮಂಜಿನ ಮಾಲಿನ್ಯ ಹೊರಬೀಳುತ್ತದೆ. ಸದ್ದಿನ ಕಥೆಯೂ ಅಷ್ಟೇ. ಕಡಿಮೆ ಆವರ್ತನದ ಆ ಗುಡುಗು ಮುಚ್ಚಿದ ಕಿಟಕಿಯನ್ನೂ ದಾಟಿ ಮನೆಯೊಳಗೆ ಬರುತ್ತದೆ.

ಹೊಗೆ ಮತ್ತು ಸದ್ದು ಎರಡನ್ನೂ ಮೊದಲು ಉಣ್ಣುವವನು ಯಂತ್ರ ಹೊತ್ತ ಕೂಲಿಯವನೇ. ಆದರೆ ಮೊದಲ ಕಾನೂನುಗಳು ಹುಟ್ಟಿದ್ದು ಅವನಿಗಾಗಿ ಅಲ್ಲ, ಮನೆಯೊಳಗಿದ್ದವರ ನೆಮ್ಮದಿಗಾಗಿ. ಈ ವೈರುಧ್ಯ ಲಾಸ್ ಏಂಜಲೀಸ್‌ನಲ್ಲಿ ಸಿಡಿಯಿತು. 1990ರ ದಶಕದಲ್ಲಿ ನಟ ಪೀಟರ್ ಗ್ರೇವ್ಸ್, ನಟಿ ಜೂಲಿ ನ್ಯೂಮಾರ್ ಅಂಥವರು ನಿಷೇಧದ ಪರ ದನಿಯೆತ್ತಿದರು. ಮನೆಗಳಿಂದ 500 ಅಡಿಯೊಳಗೆ ಪೆಟ್ರೋಲ್ ಬ್ಲೋವರ್ ಬಳಸುವುದೇ ಅಪರಾಧವಾಯಿತು. ದಂಡ ಸಾವಿರ ಡಾಲರ್‌ವರೆಗೆ, ಜೊತೆಗೆ ಜೈಲಿನ ಭಯ. ತೋಟದ ಕೆಲಸಗಾರರಲ್ಲಿ ಹೆಚ್ಚಿನವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ವಲಸಿಗರು. ಪೊರಕೆ ಹಿಡಿದರೆ ದಿನಕ್ಕೆ ಮಾಡುವ ಮನೆಗಳ ಸಂಖ್ಯೆ ಇಳಿಯುತ್ತದೆ, ಮನೆಯವರು ಕೂಲಿ ಮಾತ್ರ ಏರಿಸುವುದಿಲ್ಲ ಎಂಬುದು ಅವರ ಸಂಕಟ. 1998ರ ಜನವರಿಯಲ್ಲಿ ಅವರಲ್ಲಿ ಕೆಲವರು ಸಿಟಿ ಹಾಲ್ ಎದುರು ಉಪವಾಸ ಕೂತರು. ನಿಷೇಧ ಉಳಿಯಿತು, ಶಿಕ್ಷೆ ತಗ್ಗಿತು. ಕಾನೂನು ಪುಸ್ತಕದಲ್ಲಿತ್ತು, ಬೀದಿಯಲ್ಲಿ ಬ್ಲೋವರ್ ಮೊರೆಯುತ್ತಲೇ ಇತ್ತು. ಬದಲಿ ಯಂತ್ರದ ಖರ್ಚನ್ನು ಬಡವನ ತಲೆಗೇ ಕಟ್ಟಿದ ಕಾನೂನು ಹೀಗೆ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ.

ದೃಶ್ಯ ಬದಲಿಸಿದ್ದು ಬ್ಯಾಟರಿಯಿಂದ ಓಡುವ ಬ್ಲೋವರ್. ಹಿಂದೊಮ್ಮೆ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ ಭಾಷಣ ಬರೆದುಕೊಡುತ್ತಿದ್ದ ಪತ್ರಕರ್ತ ಜೇಮ್ಸ್ ಫಾಲೋಸ್ ವಾಷಿಂಗ್ಟನ್ ಡಿ.ಸಿ.ಯಲ್ಲಿ ನೆರೆಹೊರೆಯವರ ಜೊತೆ ಸೇರಿ 2015ರಲ್ಲಿ ಚಳವಳಿ ಶುರುಮಾಡಿದರು. ಒಂದೊಂದೇ ಬಡಾವಣೆ ಸಮಿತಿಯ ಬಳಿ ಹೋಗಿ, ಕೆಲಸಗಾರನ ಕಿವಿ ಮತ್ತು ಶ್ವಾಸಕೋಶದ ಮಾತನ್ನೂ ಮುಂದಿಟ್ಟು ಬೆಂಬಲದ ನಿರ್ಣಯ ಪಡೆದರು. 2018ರ ಕೊನೆಗೆ ಪೆಟ್ರೋಲ್ ಬ್ಲೋವರ್ ನಿಷೇಧಿಸುವ ಕಾನೂನು ಬಂತು. ಜಾರಿಯಾದದ್ದು 2022ರ ಜನವರಿ 1ರಂದು. ನಡುವಿನ ಮೂರು ವರ್ಷ, ಹಳೇ ಯಂತ್ರ ಸವೆಸಿ ಹೊಸದು ಕೊಳ್ಳಲು ಕೊಟ್ಟ ಬಿಡುವು.

ಕ್ಯಾಲಿಫೋರ್ನಿಯಾವೂ ತಡವಾಗಿ ಪಾಠ ಕಲಿಯಿತು. 2021ರ ಕಾನೂನಿನ ಪ್ರಕಾರ 2024ರ ಮಾದರಿಯಿಂದ ಹೊಸ ಬ್ಲೋವರ್, ಹುಲ್ಲು ಕತ್ತರಿಸುವ ಯಂತ್ರಗಳು ಹೊಗೆ ಬಿಡುವಂತಿಲ್ಲ. ಹಳೆಯದನ್ನು ಬಳಸಲು ಅಡ್ಡಿಯಿಲ್ಲ. ಸಣ್ಣ ಗುತ್ತಿಗೆದಾರರು ಬ್ಯಾಟರಿಗೆ ಬದಲಾಗಲಿ ಎಂದು 3 ಕೋಟಿ ಡಾಲರ್ ತೆಗೆದಿಡಲಾಯಿತು.

ಎಲ್ಲ ರಾಜ್ಯಗಳೂ ಒಪ್ಪಿಲ್ಲ. ಪೆಟ್ರೋಲ್ ಯಂತ್ರಗಳನ್ನು ನಿಷೇಧಿಸುವ ಅಧಿಕಾರವನ್ನೇ ಜಾರ್ಜಿಯಾ ಮತ್ತು ಟೆಕ್ಸಸ್ 2023ರಲ್ಲಿ ಊರುಗಳಿಂದ ಕಿತ್ತುಕೊಂಡವು. ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಮಾತ್ರ 2024ರಲ್ಲಿ ನಿಧಾನದ ದಾರಿ ಆರಿಸಿಕೊಂಡಿತು. ಅಲ್ಲಿ 2026ರಿಂದ ಎಲೆ ಉದುರುವ ಅಕ್ಟೋಬರ್–ಡಿಸೆಂಬರ್‌ನಲ್ಲಷ್ಟೇ ಪೆಟ್ರೋಲ್ ಬ್ಲೋವರ್‌ಗೆ ಅನುಮತಿ, 2028ರಿಂದ ಅದೂ ಇಲ್ಲ.