ಗೆದ್ದಲು ಸಾಕುವ ಎರಡು ಅಣಬೆಗಳು

ಮಳೆಗಾಲ ಶುರುವಾದರೆ ಸಾಕು, ಮಲೆನಾಡಿನಲ್ಲಿ ಅಣಬೆ ಬಲ್ಲವರ ಕಣ್ಣು ಹುತ್ತದ ಸುತ್ತಲೇ ಓಡಾಡುತ್ತದೆ. ಅಲ್ಲಿ ಏಳುವ ಎರಡು ಅಣಬೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ಕುಲದವೆಂದು ನಂಬುವುದು ಕಷ್ಟ. ಟರ್ಮಿಟೋಮೈಸಿಸ್ ಹೈಮಿಯೈ ಅಂಗೈಯಗಲದ ಬಿಳಿ ಕೊಡೆ, ಕಾಂಡಕ್ಕೊಂದು ಉಂಗುರ. ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್‌ನ ಕೊಡೆಯೋ ಸುಮಾರು 2 ಸೆಂ.ಮೀ. ಅಷ್ಟೆ, ಆದರೆ ಏಳುವುದು ನೂರಾರು ಒಟ್ಟಿಗೆ.

ಇವೆರಡರ ಮೂಲವೂ ಗೆದ್ದಲಿನ ನೆಲದಡಿಯ ತೋಟ. ಕೆಲಸಗಾರ ಗೆದ್ದಲುಗಳು ಒಣ ಎಲೆ, ಕಡ್ಡಿ ತಿಂದು, ಹಿಕ್ಕೆಯಿಂದ ಸ್ಪಂಜಿನಂಥ ತಟ್ಟಿ ಕಟ್ಟುತ್ತವೆ. ಅದರಲ್ಲಿ ಬೆಳೆಯುವ ಶಿಲೀಂಧ್ರ ಮರದ ಗಟ್ಟಿ ಲಿಗ್ನಿನ್ನನ್ನೂ ಮುರಿದು ಮೆತ್ತಗಾಗಿಸುತ್ತದೆ, ಗೆದ್ದಲುಗಳು ಅದನ್ನೇ ಉಣ್ಣುತ್ತವೆ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷಗಳ ಇತಿಹಾಸವಿದೆ. ಮನುಷ್ಯ ಬಿತ್ತನೆ ಕಲಿತದ್ದು ತೀರಾ ಈಚೆಗೆ.

ಹೊರಬರುವ ದಾರಿ ಮಾತ್ರ ಬೇರೆ. ಹೈಮಿಯೈ ತನ್ನ ದಾರಿಯನ್ನು ತಾನೇ ಕೊರೆಯುತ್ತದೆ. ತಟ್ಟಿಯಿಂದ ಬೇರಿನಂಥ ಉದ್ದನೆಯ ಬಾಲ ಮೇಲಕ್ಕೆ ಬೆಳೆಯುತ್ತಾ, ಇನ್ನೂ ಬಿರಿಯದ ಕೊಡೆಯ ಗಟ್ಟಿ ನೆತ್ತಿಯನ್ನು ಮಣ್ಣಿನಲ್ಲಿ ನುಗ್ಗಿಸುತ್ತದೆ. ಅಣಬೆಯನ್ನು ಎಳೆದರೆ ಈ ಬಾಲ ಮುರಿದು ನೆಲದಲ್ಲೇ ಉಳಿಯುತ್ತದೆ. ಮೆಲ್ಲಗೆ ಅಗೆದವರಿಗೆ ತಟ್ಟಿಯವರೆಗೂ ಇಳಿದದ್ದು ಕಾಣುತ್ತದೆ. ಮೈಕ್ರೋಕಾರ್ಪಸ್‌ಗೆ ಇಂಥ ಬಾಲವೇ ಇಲ್ಲ. ಗೆದ್ದಲುಗಳೇ ತಟ್ಟಿಯ ಚೂರುಗಳನ್ನು ಹೊತ್ತು ತಂದು ನೆಲದ ಮೇಲೆ ಹರಡುತ್ತವೆ, ಆ ಚೂರುಗಳ ಮೇಲೆ ಪುಟ್ಟ ಕೊಡೆಗಳು ಅರಳುತ್ತವೆ. ತೋಟದ ಮಾಲೀಕರೇ ಬೆಳೆಯನ್ನು ಬಯಲಿಗೆ ತಂದಿಡುವ ಈ ನಡೆ ನನಗಂತೂ ಹೈಮಿಯೈಯ ಸಾಹಸಕ್ಕಿಂತ ಹೆಚ್ಚಿನ ಅಚ್ಚರಿ.

ಈ ಕುಲಕ್ಕೆ 1942ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ರೋಜೆ ಎಮ್ (Heim). ದೊಡ್ಡ ಅಣಬೆಯನ್ನು 1979ರಲ್ಲಿ ವಿವರಿಸಿದ ಕೆ. ನಟರಾಜನ್ ಅದಕ್ಕೆ ಎಮ್ ಅವರ ಹೆಸರನ್ನೇ ಇಟ್ಟು ಹೈಮಿಯೈ ಎಂದರು.

ಎರಡೂ ತಿನ್ನಲು ಬರುತ್ತವೆ. ಆದರೂ ಹೈಮಿಯೈ ಆರಿಸುವಾಗ ಎಚ್ಚರ ಬೇಕು. ಹುಲ್ಲುಗಾವಲಿನ ವಿಷದ ಅಣಬೆ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್‌ಗೂ ಬಿಳಿ ಕೊಡೆಯಿದೆ, ಉಂಗುರವಿದೆ. ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿ ರಾತ್ರಿ ಬಿಟ್ಟರೆ, ಹೈಮಿಯೈ ನಸುಗೆಂಪು ಬೀಜಕಣ ಉದುರಿಸುತ್ತದೆ, ವಿಷದ್ದು ಹಸಿರು ಛಾಯೆಯದು. ಆದರೆ ಇದೊಂದನ್ನೇ ನಂಬಿ ಒಲೆ ಹಚ್ಚಬಾರದು, ಬಲ್ಲ ಹಿರಿಯರಿಗೆ ತೋರಿಸಲೇಬೇಕು. ಬೆಳ್ಳಿ ಚಮಚ ಕಪ್ಪಾದರೆ ವಿಷ, ಇಲ್ಲದಿದ್ದರೆ ಇಲ್ಲ ಎನ್ನುವ ಮಾತಂತೂ ಪೂರ್ತಿ ಸುಳ್ಳು.

ಕಂಡದ್ದನ್ನೆಲ್ಲ ಕೀಳದೆ ಕೆಲವನ್ನು ಬಿರಿಯಲು ಬಿಡಬೇಕು ಎಂಬುದಕ್ಕೂ ಕಾರಣವಿದೆ. ಮಳೆಹುಳುಗಳಾಗಿ ಹಾರಿದ ಗೆದ್ದಲುಗಳು ಹೊಸ ಗೂಡು ಕಟ್ಟುವಾಗ ಹೆಚ್ಚಿನ ಜಾತಿಗಳು ಶಿಲೀಂಧ್ರವನ್ನು ಜೊತೆಗೆ ಒಯ್ಯುವುದಿಲ್ಲ. ಗೂಡಿನ ಮೊದಲ ಕೆಲಸಗಾರರು ಹೊರಗೆ ಬಂದು, ಇಂಥ ಅಣಬೆಗಳು ಉದುರಿಸಿದ ಬೀಜಕಣಗಳನ್ನು ಆಹಾರದ ಜೊತೆ ಹೊತ್ತೊಯ್ದ ಮೇಲೆಯೇ ಅಲ್ಲಿ ತೋಟ ಏಳುತ್ತದೆ.