ತೆಂಗಿನ ನುಸಿಯ ಚಿತ್ರಕ್ಕೆ ಯಾವ ಮಸೂರ?

ತೆಂಗಿನ ಎಳಗಾಯಿಯ ತೊಟ್ಟಿನ ಎಸಳಿನ ಕೆಳಗೆ ಮಾಸಲು ಬಿಳಿಯ ತ್ರಿಕೋನ ಕಲೆ ಕಂಡೊಡನೆ ಮದ್ದು ಬಿಡಲು ಹೊರಡುವುದು ನಮ್ಮ ಕೃಷಿಕರಲ್ಲಿ ಹಲವರ ರೂಢಿ. ನಾನೂ ಹಾಗೆ ಮಾಡಿದವನೇ. ಕಳೆದ ವರ್ಷ ನೆರೆಯವರೊಬ್ಬರು ಒಂದು ಕಾಯಿಯನ್ನು ತಂದು, "ಮಾಷ್ಟ್ರೇ, ಇದರಲ್ಲಿ ಈಗಲೂ ನುಸಿ ಉಂಟೋ, ಅಲ್ಲ ಇದು ಹಳೆಯ ಗಾಯವೋ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಈ ನುಸಿ ಕೇರಳದಲ್ಲಿ ಮೊದಲು ಪತ್ತೆಯಾದುದು 1998ರಲ್ಲಿ, ಎರ್ನಾಕುಳಂ ಜಿಲ್ಲೆಯಲ್ಲಿ. ಅದರ ಉದ್ದ ಮಿಲಿಮೀಟರಿನ ಐದರಲ್ಲೊಂದು ಭಾಗ. ದಪ್ಪ ಇಪ್ಪತ್ತರಲ್ಲೊಂದು ಭಾಗ. ಹುಳುವಿನಂತೆ ನೀಳವಾದ ಮೈ, ಮುಂಭಾಗದಲ್ಲಿ ಎರಡೇ ಜೋಡಿ ಕಾಲು. ಅದೇ ಎಸಳಿನಡಿಯಲ್ಲಿ ಅದನ್ನು ತಿಂದು ಬದುಕುವ ಬೇರೆ ನುಸಿಗಳೂ ಇರುತ್ತವೆ; ಅವು ಗಾತ್ರದಲ್ಲಿ ದೊಡ್ಡವು, ಚುರುಕಾಗಿ ಓಡುವಂಥವು, ಎಂಟು ಕಾಲಿನವು. ಶತ್ರುವನ್ನೂ ಮಿತ್ರನನ್ನೂ ಗುರುತಿಸದೆ ಮದ್ದು ಬಿಟ್ಟರೆ ಹಣವೂ ಹೋಯಿತು, ಮಿತ್ರನೂ ಸತ್ತಂತಾಯಿತು. ಆದುದರಿಂದ ಸ್ಪಷ್ಟವಾದ ಒಂದು ಚಿತ್ರ ಬೇಕು.

ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನುಸಿ ಬಿಳಿಯ ಧೂಳಿನ ಕಣದಂತೆ ತೋರುತ್ತದೆ. ತೋಟದ ಮೊದಲ ಪರೀಕ್ಷೆಗೆ ಅಷ್ಟು ಸಾಕು; ಕಾಲು ಎಣಿಸಲು ಸಾಲದು.

ಎರಡನೆಯ ಉಪಾಯ, ಕ್ಯಾಮರಾದ ಮಸೂರವನ್ನೇ ತಿರುಗುಮುರುಗು ಹಾಕುವುದು. 200 ಮಿ.ಮೀ. ಮಸೂರದ ಮುಂದೆ 50 ಮಿ.ಮೀ. ಮಸೂರವನ್ನು ಹಿಂದುಮುಂದಾಗಿ ಜೋಡಿಸಿದರೆ ನಾಲ್ಕು ಪಟ್ಟು ಹಿಗ್ಗುತ್ತದೆ. ಕಾಯಿಗೂ ಮಸೂರಕ್ಕೂ ನಡುವೆ ಸುಮಾರು ನಾಲ್ಕು ಸೆಂಟಿಮೀಟರು ಜಾಗ ಉಳಿಯುವುದರಿಂದ ಬೆಳಕು ಬಿಡಲು ಬಹಳ ಅನುಕೂಲ. ಆದರೆ ಕಿಂಡಿಯನ್ನು ಪೂರ್ತಿ ತೆರೆದರೆ ಅನೇಕ ಮಸೂರಗಳಲ್ಲಿ ಚಿತ್ರ ಮಂಕಾಗುತ್ತದೆ.

ಮೂರನೆಯದು ಸೂಕ್ಷ್ಮದರ್ಶಕದ ವಸ್ತುಮಸೂರ. ಅದರ ಮೈಮೇಲೆ 4/0.10 ಅಥವಾ 10/0.25 ಎಂದು ಕೆತ್ತಿರುತ್ತದೆ. ಮೊದಲಿನ ಅಂಕೆ ಎಷ್ಟು ಪಟ್ಟು ಎಂಬುದು. ಎರಡನೆಯದು ಬೆಳಕನ್ನು ಎಷ್ಟು ಅಗಲವಾಗಿ ಸಂಗ್ರಹಿಸುತ್ತದೆ ಎಂಬುದು. ಸೂಕ್ಷ್ಮ ವಿವರ ಕಾಣುವುದು ಇದರ ಬಲದಿಂದ. 0.10 ಇದ್ದರೆ ಮಿಲಿಮೀಟರಿನ ಮುನ್ನೂರರಲ್ಲೊಂದು ಭಾಗದಷ್ಟು ವಿವರವೂ, 0.25 ಇದ್ದರೆ ಅದಕ್ಕಿಂತ ಎರಡೂವರೆ ಪಟ್ಟು ಸೂಕ್ಷ್ಮ ವಿವರವೂ ದೊರೆಯುತ್ತದೆ.

ಹಾಗಾದರೆ ಹತ್ತರದೇ ಮೇಲಲ್ಲವೇ ಎಂದು ಕೇಳಬಹುದು. ಇಲ್ಲಿಯೇ ನಾನು ಮೊದಲು ಎಡವಿದುದು. ಹತ್ತರ ಮಸೂರದಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಆಳ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ನುಸಿಯ ಬೆನ್ನು ಕಂಡರೆ ಕಾಲು ಮಂಜು, ಕಾಲು ಕಂಡರೆ ಬೆನ್ನು ಮಂಜು. ಆರೇಳು ಚಿತ್ರ ತೆಗೆದು ಗಣಕಯಂತ್ರದಲ್ಲಿ ಕೂಡಿಸಬೇಕು. ಅಷ್ಟರಲ್ಲಿ ಜೀವಂತ ನುಸಿ ಅಲುಗಿರುತ್ತದೆ. ನಾಲ್ಕರ ಮಸೂರದ ಆಳವಾದರೋ ನುಸಿಯ ದಪ್ಪದಷ್ಟೇ ಇದೆ. ಒಂದೇ ಚಿತ್ರದಲ್ಲಿ ಇಡೀ ನುಸಿ ಸಿಗುತ್ತದೆ. ನಲವತ್ತರದು ಈ ಕೆಲಸಕ್ಕೆ ಆಗದು. ಅದು ಕಾಯಿಗೆ ಮುಟ್ಟುವಷ್ಟು ಹತ್ತಿರ ಬರಬೇಕು, ಬೆಳಕಿಗೆ ಎಡೆಯೇ ಇರುವುದಿಲ್ಲ.

ಕೊಳ್ಳುವಾಗ ಇನ್ನೊಂದು ಗುರುತು ನೋಡಿರಿ. ಮೈಮೇಲೆ 160 ಎಂದಿದ್ದರೆ, ಕ್ಯಾಮರಾಕ್ಕೆ ಬೇರೆ ಮಸೂರ ಬೇಡ. ವಸ್ತುಮಸೂರದ ತಿರುಪಿನ ಅಂಚಿನಿಂದ ಸುಮಾರು 150 ಮಿ.ಮೀ. ದೂರಕ್ಕೆ ಕ್ಯಾಮರಾದ ಸಂವೇದಕ ಬರುವಂತೆ ಕೊಳವೆ ಹಾಕಿದರಾಯಿತು. ಅನಂತದ ∞ ಚಿಹ್ನೆ ಇದ್ದರೆ ಹಿಂದೆ 200 ಮಿ.ಮೀ. ಅಥವಾ ಅದರ ತಯಾರಕರು ಹೇಳಿದಷ್ಟು ಉದ್ದದ ಮಸೂರ ಬೇಕೇ ಬೇಕು.

ಎಸಳನ್ನು ಮೆಲ್ಲನೆ ಬಿಡಿಸಿ, ಕಾಯಿಯನ್ನು ಮರಳು ತುಂಬಿದ ಬಟ್ಟಲಲ್ಲಿ ಊರಿ ನಿಲ್ಲಿಸಿರಿ. ಫ್ಯಾನು ಆರಿಸಿರಿ. ಟಾರ್ಚಿಗೆ ಬಿಳಿ ಕಾಗದ ಅಡ್ಡ ಹಿಡಿಯಿರಿ. ಕ್ಯಾಮರಾವನ್ನು ಬೆರಳಿನಿಂದ ಒತ್ತದೆ, ಹತ್ತು ಸೆಕೆಂಡಿನ ಟೈಮರಿನಲ್ಲಿ ಚಿತ್ರ ತೆಗೆಯಿರಿ.

ನೆರೆಯವರ ಕಾಯಿಯನ್ನು ಶಾಲೆಯ ಹಳೆಯ ಸೂಕ್ಷ್ಮದರ್ಶಕದ ನಾಲ್ಕರ ಮಸೂರದಿಂದಲೇ ಕೊನೆಗೆ ನೋಡಿದೆವು. ಎಸಳಿನಡಿಯಲ್ಲಿ ನೀಳ ನುಸಿ ಒಂದೂ ಇರಲಿಲ್ಲ. ಹಳೆಯ ಗಾಯ ಮಾತ್ರ. ಬೇರೆ ಮರಗಳ ಮೂರು ನಾಲ್ಕು ತಿಂಗಳ ಕಾಯಿಗಳನ್ನೂ ನೋಡಿದ ಮೇಲೆ ಅವರು ಮದ್ದಿನ ಪಂಪನ್ನು ಅಟ್ಟಕ್ಕೆ ಹಾಕಿದರು. ಸಂಶಯವಿದ್ದವರು ಚಿತ್ರವನ್ನು ಹತ್ತಿರದ ಕೃಷಿ ಭವನಕ್ಕೋ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೋ ಒಯ್ದು ತೋರಿಸಲಿ. ಮೊದಲು ನೋಡೋಣ, ಮದ್ದಿನ ಮಾತು ಆಮೇಲೆ.